ಕುಲುಕಿದರೆ ಸಾಲದು, ಉಜ್ಜಿ ಒಣಗಿಸಿ

ನೀರಿನ ಬಾಟಲಿಗೆ ಒಂದಿಷ್ಟು ನೀರು ಹಾಕಿ, ಮುಚ್ಚಳ ಬಿಗಿದು, ಜೋರಾಗಿ ಕುಲುಕಿ ಚೆಲ್ಲಿಬಿಟ್ಟರೆ ಅದು ತೊಳೆದ ಹಾಗಲ್ಲ. ಹೊಸದಾಗಿ ಸಂಸಾರ ಹೂಡಿರುವ, ಓದಿಗೋ ಕೆಲಸಕ್ಕೋ ಊರು ಬಿಟ್ಟು ಬಂದು ಪಿಜಿಯಲ್ಲಿ ಕೋಣೆ ಹಿಡಿದಿರುವ, ಮಡಿಲಲ್ಲಿ ಹಸುಗೂಸನ್ನಿಟ್ಟುಕೊಂಡಿರುವ ಮಕ್ಕಳಿಗೆಲ್ಲ ನಾನು ಮೊದಲು ಹೇಳಬೇಕೆಂದಿರುವುದು ಇದನ್ನೇ. ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತ ತಲೆ ನರೆತವಳು ನಾನು. ಬ್ಯಾಕ್ಟೀರಿಯಾದ ಹೆಸರು ಹೇಳಿ ಹೆದರಿಸುವುದು ನನಗೆ ಇಷ್ಟವಿಲ್ಲ. ಪ್ಲಾಸ್ಟಿಕ್ಕನ್ನೆಲ್ಲ ಮನೆಯಿಂದ ಆಚೆ ಹಾಕಿ ಎಂದು ಹೇಳುವುದೂ ಇಲ್ಲ. ಬಿಂದಿಗೆ, ಬಕೆಟ್ಟು, ಡ್ರಮ್ಮು, ಮಾಳಿಗೆಯ ಮೇಲಿನ ಸಿಂಟೆಕ್ಸ್ ಟ್ಯಾಂಕು, 20 ಲೀಟರಿನ ಕ್ಯಾನು, ದೋಸೆಹಿಟ್ಟಿನ ಡಬ್ಬಿ, ಮಕ್ಕಳ ಊಟದ ಡಬ್ಬಿ: ಇವಿಲ್ಲದೆ ಇವತ್ತು ಯಾವ ಮನೆಯೂ ನಡೆಯುವುದಿಲ್ಲ. ಆದರೆ ಅವುಗಳ ಒಳಮೈಯಲ್ಲಿ ಏನು ನಡೆಯುತ್ತದೆಂದು ತಿಳಿದುಕೊಂಡರೆ ಅವನ್ನು ಇಟ್ಟುಕೊಳ್ಳುವ ರೀತಿಯೇ ಬದಲಾಗುತ್ತದೆ.

ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಮಾಡಿಸುತ್ತಿದ್ದ ಪ್ರಯೋಗವೊಂದಿದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಪೋಷಕ ದ್ರಾವಣ ಹಾಕಿ, ನಮ್ಮೆಲ್ಲರ ಚರ್ಮದ ಮೇಲೆ ಇರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾವನ್ನು ಅದಕ್ಕೆ ಬೆರೆಸಿ, ಒಂದು ರಾತ್ರಿ ಬೆಚ್ಚಗೆ ಇಡಬೇಕು. ಬೆಳಿಗ್ಗೆ ದ್ರಾವಣ ಚೆಲ್ಲಿ, ಕೊಳವೆಯನ್ನು ಎರಡು ಮೂರು ಸಲ ಜಾಲಾಡಿ ಬೆಳಕಿಗೆ ಹಿಡಿದರೆ ಒಳಗೆ ಏನೂ ಇಲ್ಲವೆಂದೇ ಎಲ್ಲರೂ ಹೇಳುತ್ತಾರೆ. ಆಮೇಲೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಾಲಾಡಿದರೆ, ಒಳಗೋಡೆಯ ಉದ್ದಕ್ಕೂ ನೇರಳೆ ಪೊರೆ ಎದ್ದು ಕಾಣುತ್ತದೆ. ಕಣ್ಣಿಗೆ ಬೀಳದೆ ಅಲ್ಲಿ ಕೂತಿದ್ದ ಜೀವಿಗಳ ಪದರ ಅದು. ಆಸ್ಪತ್ರೆಯ ನಳಿಕೆಗಳಿಗೆ ಅಂಟಿಕೊಳ್ಳುವ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಲು ಇಂಥ ಕೊಳವೆ ಪರೀಕ್ಷೆಯನ್ನು 1982ರಲ್ಲಿ ಅಮೆರಿಕದ ಕ್ರಿಸ್ಟೆನ್‌ಸೆನ್ ಮತ್ತು ಸಂಗಡಿಗರು ಬಳಕೆಗೆ ತಂದರು. ಎಷ್ಟು ಸರಳ ಪರೀಕ್ಷೆ! ಅಷ್ಟೇ ದೊಡ್ಡ ಪಾಠ. ಪಾತ್ರೆ ಸ್ವಚ್ಛವಾಗಿ ಕಾಣುವುದೇ ಬೇರೆ, ಸ್ವಚ್ಛವಾಗಿರುವುದೇ ಬೇರೆ.

ಅವು ಅಂಟಿಕೊಳ್ಳುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಕೇಳಿ. ಹೊಸ ಪ್ಲಾಸ್ಟಿಕ್ ಪಾತ್ರೆಗೆ ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ, ಆ ನೀರಿನಲ್ಲಿ ಕರಗಿರುವ ಜೈವಿಕ ವಸ್ತುಗಳು ಅದರ ಮೈಮೇಲೆ ತೀರಾ ತೆಳುವಾದ ಒಂದು ಲೇಪವಾಗಿ ಕೂರುತ್ತವೆ. ಬ್ಯಾಕ್ಟೀರಿಯಾ ಬಂದು ತಂಗುವುದು ಬರಿ ಪ್ಲಾಸ್ಟಿಕ್ಕಿನ ಮೇಲಲ್ಲ, ಈ ಲೇಪದ ಮೇಲೆ. ಒಂದೊಂದು ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರ ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶ ಇರುತ್ತದೆ, ಅನೇಕ ಮೇಲ್ಮೈಗಳಲ್ಲೂ ಅದೇ ಇರುತ್ತದೆ. ಹಾಗಾಗಿ ಹತ್ತಿರ ಬಂದಾಗ ಮೊದಲು ಪರಸ್ಪರ ತಳ್ಳಾಟ ನಡೆಯುತ್ತದೆ. ಇನ್ನೂ ಹತ್ತಿರ ಬಂದರೆ ಅಣುಗಳ ನಡುವಿನ ಸೆಳೆತ ಮೇಲುಗೈ ಪಡೆಯುತ್ತದೆ. ಪಾಲಿಥಿಲೀನ್, ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ಕುಗಳಿಗೆ ನೀರೆಂದರೆ ಆಗದು, ಜಿಡ್ಡೆಂದರೆ ಪ್ರೀತಿ. ಅನೇಕ ಬ್ಯಾಕ್ಟೀರಿಯಾಗಳ ಹೊರಮೈಯ ಸ್ವಭಾವವೂ ಅದೇ ಆದ್ದರಿಂದ ಅವು ಅಲ್ಲಿ ಸುಲಭವಾಗಿ ಕೂರುತ್ತವೆ.

ಕೂತ ಹೊಸತರಲ್ಲಿ ಹಿಡಿತ ಸಡಿಲವಾಗಿರುತ್ತದೆ. ನೀರಿನ ಹರಿವು ಸ್ವಲ್ಪ ಜೋರಾಗಿದ್ದರೂ ಎದ್ದು ಹೋಗುತ್ತವೆ. ಆದರೆ ಹೊತ್ತು ಕಳೆದಂತೆ ಅವು ಮೈಮೇಲಿನ ಕೂದಲಿನಂಥ ಎಳೆಗಳನ್ನು ಚಾಚಿ ಹಿಡಿಯುತ್ತವೆ, ಸಕ್ಕರೆಯ ಉದ್ದ ಸರಪಳಿಗಳಿಂದಾದ ಅಂಟನ್ನು ಸುತ್ತಲೂ ಸ್ರವಿಸುತ್ತವೆ. ಅಲ್ಲಿಗೆ ಜಾಲಾಡುವ ಕಾಲ ಮುಗಿಯಿತು. ಊಟದ ಡಬ್ಬಿಯನ್ನು ಉಂಡ ಕೂಡಲೇ ತೊಳೆಯಿರಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ. ಮಧ್ಯಾಹ್ನ ಉಂಡು, ಹಾಗೇ ಮುಚ್ಚಿ, ಬ್ಯಾಗಿನಲ್ಲಿಟ್ಟು ರಾತ್ರಿ ಮನೆಗೆ ತಂದರೆ ಆ ಏಳೆಂಟು ಗಂಟೆ ಪೂರ್ತಿ ಅವುಗಳ ಕೈಗೆ ಕೊಟ್ಟ ಹಾಗೆ. ಎಲ್ಲ ಅನುಕೂಲವೂ ಇದ್ದಾಗ ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಒಂದು ಜೀವಕೋಶ ಎಂಟು ಗಂಟೆಯಲ್ಲಿ 1 ಕೋಟಿ 67 ಲಕ್ಷ ದಾಟುತ್ತದೆ. ಡಬ್ಬಿಯೊಳಗೆ ಅಷ್ಟು ಅನುಕೂಲ ಸಿಗುವುದಿಲ್ಲ, ನಿಜ. ಆದರೆ ಅಲ್ಲಿ ಶುರುವಾಗುವುದೂ ಒಂದೇ ಒಂದರಿಂದಲ್ಲ. ತೊಳೆಯಲು ಆಗದಿದ್ದರೆ ಕಚೇರಿಯ ನಲ್ಲಿಯಲ್ಲಿ ಒಮ್ಮೆ ಜಾಲಾಡಿ, ಮುಚ್ಚಳ ತೆರೆದು ಇಡಿ. ಅಷ್ಟರಿಂದಲೂ ಉಪಕಾರವಾಗುತ್ತದೆ.

ಅಂಟು ಸ್ರವಿಸಿ ನೆಲೆ ನಿಂತ ಈ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಡ್ರಮ್ಮಿನ ಒಳಗೆ ಕೈ ಆಡಿಸಿದಾಗ ಬೆರಳಿಗೆ ಜಾರುವ ಲೋಳೆ ಇದೇ. ಅದರ ಒಣ ತೂಕದಲ್ಲಿ ಬ್ಯಾಕ್ಟೀರಿಯಾದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಅವು ಸ್ರವಿಸಿದ ಅಂಟು. ಅದರ ನಡುವೆ ನೀರು ಹರಿಯುವ ಸಣ್ಣ ಸಣ್ಣ ಕಾಲುವೆಗಳಿರುತ್ತವೆ. ಆಹಾರ ಒಳಗೆ ಹೋಗುವುದು, ತ್ಯಾಜ್ಯ ಹೊರಗೆ ಬರುವುದು ಅವುಗಳ ಮೂಲಕ. ಇನ್ನೊಂದು ವಿಷಯ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಈ ಜೀವಿಗಳು ಸಣ್ಣ ರಾಸಾಯನಿಕ ಅಣುಗಳನ್ನು ಹೊರಬಿಟ್ಟು, ಸುತ್ತ ತಮ್ಮವರು ಎಷ್ಟು ಮಂದಿ ಇದ್ದಾರೆಂದು ಅಳೆಯುತ್ತವೆ. ಸಂಖ್ಯೆ ಸಾಕಷ್ಟಾದಾಗ ಎಲ್ಲವೂ ಒಟ್ಟಾಗಿ ತಮ್ಮ ನಡವಳಿಕೆ ಬದಲಿಸುತ್ತವೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಬಯೋಫಿಲ್ಮ್ ಸರಿಯಾಗಿ ರೂಪುಗೊಳ್ಳಲು ಇಂಥ ಸಂಕೇತ ಬೇಕು ಎಂಬುದು 1998ರಲ್ಲಿ ಖಚಿತವಾಯಿತು. ಏಕಕೋಶ ಜೀವಿಗೆ ಇಷ್ಟು ಒಡನಾಟದ ಬದುಕು ಸಾಧ್ಯವೆಂದು ನಾನು ಓದುವ ಕಾಲದ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ.

ಲೋಳೆಯೊಳಗಿನ ಬ್ಯಾಕ್ಟೀರಿಯಾಕ್ಕೆ ಔಷಧವೂ ಸುಲಭವಾಗಿ ತಗಲುವುದಿಲ್ಲ. ಬೇಸಗೆಯ ಮೊದಲ ಮಳೆ ಬಾಯಾರಿದ ಮಣ್ಣಿನ ಮೇಲ್ಪದರದಲ್ಲೇ ಇಂಗಿಹೋಗಿ ಬೇರಿನವರೆಗೆ ಇಳಿಯದೇ ಇರುವಂತೆ, ನೀರಿಗೆ ಹಾಕಿದ ಕ್ಲೋರಿನ್ ಲೋಳೆಯ ಹೊರಪದರದ ಜೊತೆಗೇ ವರ್ತಿಸಿ ಅಲ್ಲೇ ಖರ್ಚಾಗಿಬಿಡುತ್ತದೆ. ಆಳದಲ್ಲಿರುವ ಕೋಶಗಳು ನಿಧಾನವಾಗಿ ಬೆಳೆಯುತ್ತಿರುವುದರಿಂದ, ಬೆಳವಣಿಗೆಯನ್ನೇ ಗುರಿಯಾಗಿಟ್ಟುಕೊಂಡ ಆಂಟಿಬಯಾಟಿಕ್ಕುಗಳಿಗೂ ಅವು ಬಗ್ಗುವುದಿಲ್ಲ. ಇದನ್ನು ಮೊದಲು ಕಂಡವರು ಆಧುನಿಕ ವಿಜ್ಞಾನಿಗಳೇನಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1680ರ ದಶಕದಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿ ಗಾರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಓಡಾಡುವ ಜೀವಿಗಳನ್ನು ಕಂಡ. ವಿನೆಗರಿನಲ್ಲಿ ಬಾಯಿ ಮುಕ್ಕಳಿಸಿದರೆ ಗಾರೆಯ ಹೊರಗಿನವು ಮಾತ್ರ ಸಾಯುತ್ತವೆ, ಒಳಗಿನವು ಬದುಕಿರುತ್ತವೆ ಎಂದೂ ಬರೆದಿಟ್ಟ. ಹಲ್ಲನ್ನು ನಾವು ಮುಕ್ಕಳಿಸಿ ಬಿಡದೆ ಉಜ್ಜುವುದು ಏಕೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಆ ಬುದ್ಧಿಯನ್ನು ಪ್ಲಾಸ್ಟಿಕ್ ಪಾತ್ರೆಗೂ ಬಳಸಿ ಎಂಬುದಷ್ಟೇ ನನ್ನ ಮಾತು.

ಈಗ ನಮ್ಮ ನೀರಿನ ಕ್ಯಾನಿಗೆ ಬರೋಣ. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲೆಲ್ಲ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನು ಹಿಡಿದರೆ ನೀರು ತುಂಬುತ್ತದೆ. ಘಟಕದ ನಲ್ಲಿಯಿಂದ ಬೀಳುವ ನೀರು ಚೆನ್ನಾಗಿಯೇ ಇದೆ ಎಂದುಕೊಳ್ಳೋಣ. ಆದರೆ ಆರ್‌ಒ ಯಂತ್ರದ ಪೊರೆಗೆ ಕ್ಲೋರಿನ್ ಹಾನಿ ಮಾಡುವುದರಿಂದ ಇದ್ದಿಲಿನ ಸೋಸುಕದಲ್ಲಿ ಅದನ್ನು ಮೊದಲೇ ತೆಗೆದುಬಿಡುತ್ತಾರೆ. ಅಂದರೆ ಕ್ಯಾನಿಗೆ ಬೀಳುವ ನೀರಿಗೆ ಆಮೇಲೆ ಕಾವಲು ಕಾಯುವವರಿಲ್ಲ. ನೇರಳಾತೀತ ದೀಪದ ಕಥೆಯೂ ಅಷ್ಟೇ. ದೀಪದ ಕೆಳಗೆ ಹಾದುಹೋಗುವಾಗ ಸಾಯುವುದು ಸಾಯುತ್ತದೆ, ಕ್ಯಾನಿನೊಳಗೆ ಅದರ ಆಟವೇನೂ ಇಲ್ಲ. ಹೀಗಾಗಿ ನೀವು ಕುಡಿಯುವ ನೀರಿನ ಗುಣ ಯಂತ್ರದ ಮೇಲೆ ನಿಂತಷ್ಟೇ ಕ್ಯಾನಿನ ಒಳಗೋಡೆಯ ಮೇಲೂ ನಿಂತಿದೆ. ತಿಂಗಳಾನುಗಟ್ಟಲೆ ಉಜ್ಜದ ಕ್ಯಾನಿಗೆ ಎಷ್ಟು ಒಳ್ಳೆಯ ನೀರು ಹಿಡಿದರೂ, ಗೋಡೆಯಿಂದ ಬಿಡಿಸಿಕೊಂಡ ಬ್ಯಾಕ್ಟೀರಿಯಾ ಅದಕ್ಕೆ ಬೆರೆಯುತ್ತಲೇ ಇರುತ್ತದೆ. ನೀಲಿ ಕ್ಯಾನು ನೋಡಲು ಲಕ್ಷಣವಾಗಿರುತ್ತದೆ, ಬಿಸಿಲಿಗೆ ಇಟ್ಟರೆ ಒಳಗೆ ಪಾಚಿಯೂ ಹಿಡಿಯುತ್ತದೆ.

ಆದ್ದರಿಂದ ಉದ್ದ ಹಿಡಿಯ ಬಾಟಲಿ ಬ್ರಷ್ಷು ಒಂದನ್ನು ಕೊಂಡಿಡಿ. ವಾರಕ್ಕೊಮ್ಮೆಯಾದರೂ ಸೋಪಿನ ನೀರು ಹಾಕಿ ಗೋಡೆ, ತಳ, ಕುತ್ತಿಗೆಯ ತಿರುವು ಎಲ್ಲವನ್ನೂ ಉಜ್ಜಿ. ಬ್ರಷ್ಷು ಹೋಗದಷ್ಟು ಕಿರಿದಾದ ಬಾಯಿಯಾದರೆ ಒಂದು ಹಿಡಿ ಅಕ್ಕಿ ಮತ್ತು ಸೋಪಿನ ನೀರು ಹಾಕಿ ಅಲ್ಲಾಡಿಸಿ, ಅಕ್ಕಿಕಾಳುಗಳೇ ಉಜ್ಜುವ ಕೆಲಸ ಮಾಡುತ್ತವೆ. ಮುಚ್ಚಳದ ಒಳಗಿನ ರಬ್ಬರಿನ ಉಂಗುರವನ್ನು ಮರೆಯಬೇಡಿ. ಎಲ್ಲಕ್ಕಿಂತ ಮೊದಲು ಲೋಳೆ ಕಟ್ಟುವುದು ಅಲ್ಲೇ, ಏಕೆಂದರೆ ಅಲ್ಲಿಗೆ ಗಾಳಿ ಆಡುವುದಿಲ್ಲ. ಉಜ್ಜಿದ ಮೇಲೆ ಇನ್ನೂ ಭದ್ರ ಬೇಕೆನಿಸಿದರೆ, ಬಣ್ಣ ವಾಸನೆ ಬೆರೆಸದ ದ್ರವ ಬ್ಲೀಚನ್ನು ಲೀಟರು ನೀರಿಗೆ ಒಂದು ಟೀ ಚಮಚದಂತೆ ಕಲಸಿ, ಒಳಗೆಲ್ಲ ತಾಗುವಂತೆ ತಿರುಗಿಸಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ, ಒಳ್ಳೆಯ ನೀರಿನಿಂದ ಜಾಲಾಡಿ. ಈ ಕ್ರಮ ತಿರುಗುಮುರುಗಾಗಬಾರದು. ಲೋಳೆಯ ಮೇಲೆ ಬ್ಲೀಚು ಸುರಿಯುವುದು ದಂಡ. ಕೊನೆಗೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಣಗಿದರೆ ಎಲ್ಲ ಬ್ಯಾಕ್ಟೀರಿಯಾವೂ ಸಾಯುವುದಿಲ್ಲ, ಆದರೆ ನೀರಿಲ್ಲದೆ ಯಾವುದೂ ಬೆಳೆಯಲಾರದು. ಎರಡು ಕ್ಯಾನು ಇಟ್ಟುಕೊಂಡರೆ ಒಂದು ಬಳಕೆಯಲ್ಲಿರುವಾಗ ಇನ್ನೊಂದು ಒಣಗುತ್ತದೆ. ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ.

ಪಾತ್ರೆಯ ಬಾಯಿ ಎಷ್ಟು ಅಗಲ ಎಂಬುದೂ ಮುಖ್ಯ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗೆ ಜನ ಕಾದು, ಸಿಕ್ಕ ಸಿಕ್ಕ ಡ್ರಮ್ಮಿನಲ್ಲಿ ನೀರು ತುಂಬಿಟ್ಟುಕೊಂಡಿದ್ದನ್ನು ನೀವೂ ನೋಡಿದ್ದೀರಿ. ಕಷ್ಟಕಾಲದಲ್ಲಿ ಡ್ರಮ್ಮು ಬೇಡವೆನ್ನಲು ಆಗದು. ಆದರೆ ಕುಡಿಯುವ ನೀರಿಗೆ ಅದೇ ಡ್ರಮ್ಮಿಗೆ ಚೊಂಬು ಅದ್ದಬೇಡಿ. ಚೊಂಬಿನ ಜೊತೆ ಬೆರಳೂ ಅದ್ದುತ್ತದೆ, ಬೆರಳಿನ ಜೊತೆ ಬ್ಯಾಕ್ಟೀರಿಯಾ ಇಳಿಯುತ್ತದೆ, ಗೋಡೆಯ ಲೋಳೆಯಲ್ಲಿ ನೆಲೆ ನಿಲ್ಲುತ್ತದೆ. ಕೋಲ್ಕತ್ತದ ಬಡ ಬಡಾವಣೆಗಳಲ್ಲಿ ಕಾಲರಾ ಹರಡುವುದನ್ನು ತಡೆಯಲು ನಡೆದ ಒಂದು ಅಧ್ಯಯನದಲ್ಲಿ, ಕೈ ಹೋಗದಷ್ಟು ಕಿರಿದಾದ ಕುತ್ತಿಗೆಯ ಮಣ್ಣಿನ ಹೂಜಿಯಲ್ಲಿ ನೀರಿಟ್ಟುಕೊಂಡ ಮನೆಗಳಲ್ಲಿ ಸೋಂಕು ಬಹಳ ಕಡಿಮೆಯಾಗಿತ್ತು. ಆ ವರದಿ ಪ್ರಕಟವಾದದ್ದು 1986ರಲ್ಲಿ. ಕೆಳಗೆ ನಲ್ಲಿಯಿರುವ, ಮೇಲೆ ಮುಚ್ಚಳವಿರುವ ಪಾತ್ರೆ ಇವತ್ತು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಆ ನಲ್ಲಿಯನ್ನೂ ಬಿಚ್ಚಿ ಉಜ್ಜಬೇಕು, ಅಷ್ಟೇ.

ಪ್ಲಾಸ್ಟಿಕ್ಕಿನ ಬದಲು ತಾಮ್ರ ತಂದರೆ ಆಯಿತಲ್ಲ ಎಂದು ಕೇಳುವವರು ಬಹಳ. ತಾಮ್ರದ ಗುಣ ನಿಜವಾದದ್ದು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಬದುಕಿ ಉಳಿಯಲಿಲ್ಲ, ನೀರಿಗಿಳಿದ ತಾಮ್ರವೂ ಮಿತಿಯೊಳಗಿತ್ತು. ಹದಿನಾರು ಗಂಟೆ ಎಂಬುದನ್ನು ನೆನಪಿಡಿ. ಬೆಳಿಗ್ಗೆ ತುಂಬಿ ಅರ್ಧ ಗಂಟೆಯಲ್ಲಿ ಕುಡಿದರೆ ಆ ಗುಣ ಸಿಗದು. ಮಜ್ಜಿಗೆ, ನಿಂಬೆಹಣ್ಣಿನ ಪಾನಕದಂಥ ಹುಳಿ ಪದಾರ್ಥವನ್ನು ಅದರಲ್ಲಿ ಇಡಲೇಬಾರದು. ಇನ್ನು ಫಿನ್ಲೆಂಡಿನಲ್ಲಿ ತಾಮ್ರದ ಕೊಳವೆ ಮತ್ತು ಪಾಲಿಥಿಲೀನ್ ಕೊಳವೆಗಳಲ್ಲಿ ಕುಡಿಯುವ ನೀರು ಹರಿಸಿ ಹೋಲಿಸಿದಾಗ, ತಾಮ್ರದಲ್ಲಿ ಬಯೋಫಿಲ್ಮ್ ನಿಧಾನವಾಗಿ ಬೆಳೆಯಿತು. ಆದರೆ 200 ದಿನಗಳ ಹೊತ್ತಿಗೆ ಎರಡರಲ್ಲೂ ಸೂಕ್ಷ್ಮಜೀವಿಗಳ ಸಂಖ್ಯೆಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಪಾತ್ರೆ ಯಾವುದೇ ಇರಲಿ, ಉಜ್ಜುವ ಕೆಲಸದಿಂದ ಬಿಡುಗಡೆಯಿಲ್ಲ. ನಮ್ಮ ಹಿರಿಯರು ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದರು, ರಾತ್ರಿ ಬೋರಲು ಹಾಕುತ್ತಿದ್ದರು. ಅರ್ಧ ಕೆಲಸ ಲೋಹ ಮಾಡಿದರೆ ಉಳಿದರ್ಧ ಅವರ ಕೈ ಮಾಡುತ್ತಿತ್ತು.

ಮೆದು ಪ್ಲಾಸ್ಟಿಕ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪ್ಲಾಸ್ಟಿಕ್ಕನ್ನು ಬಾಗುವಂತೆ ಮಾಡಲು ಬೆರೆಸಿದ ಪದಾರ್ಥಗಳು ನಿಧಾನವಾಗಿ ನೀರಿಗೆ ಇಳಿಯುತ್ತವೆ, ಅವುಗಳಲ್ಲಿನ ಇಂಗಾಲವೇ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಸ್ವಿಟ್ಜರ್ಲೆಂಡಿನ ಈವಾಗ್ ಸಂಸ್ಥೆಯ ವಿಜ್ಞಾನಿಗಳು ಮಕ್ಕಳು ಸ್ನಾನದಲ್ಲಿ ಆಡುವ ಬಾತುಕೋಳಿಯಂಥ ಆಟಿಕೆಗಳನ್ನು ಕೊಯ್ದು ನೋಡಿದ ಅಧ್ಯಯನ 2018ರಲ್ಲಿ ಹೊರಬಂತು. ಒಳಮೈಯ ಪ್ರತಿ ಚದರ ಸೆಂಟಿಮೀಟರಿನಲ್ಲಿ 50 ಲಕ್ಷದಿಂದ ಏಳೂವರೆ ಕೋಟಿಯವರೆಗೆ ಜೀವಕೋಶಗಳಿದ್ದವು. ಹಿಂಡಿದರೆ ಆ ನೀರು ಮಗುವಿನ ಮುಖಕ್ಕೆ, ಕಣ್ಣಿಗೆ ಚಿಮ್ಮುತ್ತದೆ. ತೂತಿರುವ ಆಟಿಕೆಯನ್ನು ಸ್ನಾನದ ನೀರಿಗೆ ಬಿಡದಿದ್ದರೆ ಮಗುವಿಗೆ ನಷ್ಟವೇನಿಲ್ಲ. ಅದೇ ರೀತಿ ಶವರಿನ ಮೆದು ಹೋಸು, ವಾಟರ್ ಫಿಲ್ಟರಿನ ಹಿಂದಿನ ಬಿಳಿ ಕೊಳವೆ, ಬಹಳ ದಿನ ನೀರು ನಿಂತ ಗಾರ್ಡನ್ ಪೈಪು. ಇವುಗಳ ಒಳಗನ್ನು ಉಜ್ಜಲು ಬರುವುದಿಲ್ಲವಾದ್ದರಿಂದ ಕಾಲಕಾಲಕ್ಕೆ ಬದಲಿಸುವುದೇ ದಾರಿ. ಊರಿಗೆ ಹೋಗಿ ಬಂದ ದಿನ ನಲ್ಲಿಯನ್ನು ಕೆಲವು ನಿಮಿಷ ಸುಮ್ಮನೆ ಹರಿಯಬಿಟ್ಟು, ನಿಂತ ನೀರು ಹೋದ ಮೇಲೆ ಹಿಡಿಯಿರಿ. ಮೊದಲ ನೀರು ಗಿಡಕ್ಕೆ ಹೋಗಲಿ.

ಗೀರು ಬಿದ್ದ ಪ್ಲಾಸ್ಟಿಕ್ಕಿನ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ: ಅದನ್ನು ಅಡುಗೆಮನೆಯಿಂದ ತೆಗೆಯಿರಿ. ಚಾಕುವಿನ ಒಂದು ಗೀರು ನಮಗೆ ಕೂದಲೆಳೆಯಾದರೆ ಬ್ಯಾಕ್ಟೀರಿಯಾಕ್ಕೆ ಆಳವಾದ ಕಂದಕ. ಅಲ್ಲಿಗೆ ಬ್ರಷ್ಷಿನ ಎಳೆಯೂ ಇಳಿಯದು. ಅಮೆರಿಕದ ಡೀನ್ ಕ್ಲೈವರ್ ಎಂಬ ಆಹಾರ ವಿಜ್ಞಾನಿ 1990ರ ದಶಕದಲ್ಲಿ ಮರದ ಮತ್ತು ಪ್ಲಾಸ್ಟಿಕ್ಕಿನ ಕತ್ತರಿಸುವ ಮಣೆಗಳನ್ನು ಹೋಲಿಸಿ ನೋಡಿದರು. ಹೊಸ ಪ್ಲಾಸ್ಟಿಕ್ ಮಣೆ ಸುಲಭವಾಗಿ ಶುದ್ಧವಾಗುತ್ತಿತ್ತು. ಚಾಕುವಿನ ಗೀರುಗಳಿಂದ ತುಂಬಿದ ಮಣೆಯನ್ನು, ಅದರಲ್ಲೂ ಕೋಳಿಯ ಕೊಬ್ಬು ಸೇರಿಕೊಂಡಾಗ, ಕೈಯಲ್ಲಿ ತೊಳೆದು ಶುದ್ಧ ಮಾಡುವುದು ಆಗಲೇ ಇಲ್ಲ. ಮರದ ಮಣೆ ಒಳಕ್ಕೆ ಹೀರಿಕೊಂಡ ಬ್ಯಾಕ್ಟೀರಿಯಾ ಮಾತ್ರ ಮೇಲೆ ಬರದೆ, ಒಳಗೇ ಕ್ರಮೇಣ ಸತ್ತವು. ನಮ್ಮ ಈಳಿಗೆಮಣೆಯಲ್ಲಿ ತರಕಾರಿ ಗಾಳಿಯಲ್ಲಿಯೇ ತುಂಡಾಗುತ್ತದೆ, ಮಣೆಗೆ ಗೀರು ಬೀಳುವ ಪ್ರಸಂಗವೇ ಇಲ್ಲ. ನಿಂತು ಅಡುಗೆ ಮಾಡುವ ಕಟ್ಟೆಗಳಲ್ಲಿ ಅದಕ್ಕೆ ಜಾಗವಿಲ್ಲದೆ ಹೋಯಿತು, ನನಗೆ ಅದರ ಬಗ್ಗೆ ಬೇಸರವಿದೆ. ಪ್ಲಾಸ್ಟಿಕ್ ಮಣೆಯೇ ಇರಲಿ ಎಂದಾದರೆ ಮಾಂಸಕ್ಕೊಂದು, ಹಣ್ಣು ತರಕಾರಿಗೊಂದು ಇಟ್ಟುಕೊಳ್ಳಿ, ಗೀರು ಹೆಚ್ಚಾದಾಗ ಎಸೆಯಿರಿ. ಪ್ಲಾಸ್ಟಿಕ್ ಡಬ್ಬಿಗಳನ್ನು ಸ್ಟೀಲಿನ ನಾರಿನಿಂದ ಉಜ್ಜಬೇಡಿ. ಒಂದು ಲೋಳೆ ತೆಗೆಯಲು ಹೋಗಿ ನೂರು ಲೋಳೆಗೆ ಜಾಗ ಮಾಡಿಕೊಟ್ಟ ಹಾಗಾಗುತ್ತದೆ. ತೆಂಗಿನ ನಾರು, ಒಣಗಿದ ಹೀರೆಕಾಯಿಯ ನಾರು, ನೈಲಾನ್ ಬ್ರಷ್ಷು ಸಾಕು. ಉಜ್ಜುವ ಸ್ಪಾಂಜನ್ನೂ ಹಿಂಡಿ ಗಾಳಿಯಾಡುವ ಕಡೆ ಇಡಿ. ಜರ್ಮನಿಯಲ್ಲಿ ಬಳಸಿದ ಸ್ಪಾಂಜುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕೆಲವು ಕಡೆ ಒಂದು ಘನ ಸೆಂಟಿಮೀಟರಿನಲ್ಲಿ 5,400 ಕೋಟಿ ಬ್ಯಾಕ್ಟೀರಿಯಾ ಇದ್ದವು.

ಮಾಳಿಗೆಯ ಟ್ಯಾಂಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಷಕ್ಕೆರಡು ಸಲ ಖಾಲಿ ಮಾಡಿಸಿ, ತಳದ ಕೆಸರು ತೆಗೆಸಿ, ಗೋಡೆ ಉಜ್ಜಿಸಿ. ಮುಚ್ಚಳ ಬಿಗಿಯಾಗಿರಲಿ. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ತಿಳಿಯಾದ ಸಾವಿರ ಲೀಟರಿಗೆ ಒಳ್ಳೆಯ ಪೌಡರು ಸುಮಾರು ಎರಡೂವರೆ ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಡಬೇಕು. ಹಳೆಯ, ಗಾಳಿಗೆ ತೆರೆದಿಟ್ಟ ಪೌಡರಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಬ್ಲೀಚಿಗೆ ಎಂದೂ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ಮೊಬೈಲಿನಲ್ಲಿ ಒಂದು ಸುದ್ದಿ ಓಡಾಡುತ್ತಿರುತ್ತದೆ, ಬ್ಯಾಕ್ಟೀರಿಯಾವೇ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದಂತೆ ಎಂದು. ಅದರಲ್ಲಿ ಸತ್ಯವಿದೆ. ಜಪಾನಿನ ಸಕಾಯ್ ನಗರದಲ್ಲಿ ಬಾಟಲಿಗಳ ಮರುಬಳಕೆ ಘಟಕದ ಬಳಿ ಸಿಕ್ಕ ಐಡಿಯೊನೆಲ್ಲ ಸಕಾಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕನ್ನು ಒಡೆದು ಆಹಾರ ಮಾಡಿಕೊಳ್ಳುತ್ತದೆಂದು 2016ರಲ್ಲಿ ಪ್ರಕಟವಾಯಿತು. ಆದರೆ ತೆಳುವಾದ ಒಂದು ಹಾಳೆಯನ್ನು ಕರಗಿಸಲು 30 ಡಿಗ್ರಿ ಶಾಖದಲ್ಲಿ ಅದಕ್ಕೆ ಆರು ವಾರ ಬೇಕಾಯಿತು. ನಿಮ್ಮ ಬಾಟಲಿಯಲ್ಲಿ ಕೂತಿರುವವು ಪ್ಲಾಸ್ಟಿಕ್ಕನ್ನು ತಿನ್ನುತ್ತಿಲ್ಲ, ಅದನ್ನು ನೆಲೆ ಮಾಡಿಕೊಂಡು ನೀರಿನಲ್ಲಿನ ಪೋಷಕಾಂಶ ತಿನ್ನುತ್ತಿವೆ. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ ಚೂರುಗಳ ಮೇಲೂ ಹೀಗೆಯೇ ಜೀವಿಗಳು ನೆಲೆಸುತ್ತವೆ. ಸಾರ್ಗಾಸೊ ಸಮುದ್ರದಲ್ಲಿ ಅದನ್ನು 1972ರಲ್ಲೇ ಗಮನಿಸಿದ್ದರು. ಉತ್ತರ ಅಟ್ಲಾಂಟಿಕ್‌ನ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ಅದಕ್ಕೆ ಪ್ಲಾಸ್ಟಿಸ್ಫಿಯರ್ ಎಂದು ಹೆಸರಿಟ್ಟರು. ಸುತ್ತಲಿನ ನೀರಿನಲ್ಲಿರುವ ಜೀವಿಗಳೇ ಬೇರೆ, ಚೂರಿನ ಮೇಲಿನವೇ ಬೇರೆ. ಕಾಲರಾ ಕುಲಕ್ಕೆ ಸೇರಿದ ವಿಬ್ರಿಯೊಗಳೂ ಒಂದು ಚೂರಿನ ಮೇಲೆ ಹೇರಳವಾಗಿ ಸಿಕ್ಕವು. ಎಸೆದ ಪ್ಲಾಸ್ಟಿಕ್ ದಡದಿಂದ ದಡಕ್ಕೆ ಜೀವಿಗಳನ್ನು ಹೊತ್ತು ಸಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಇಷ್ಟೆಲ್ಲ ಕೇಳಿ ಮನೆಯ ಪಾತ್ರೆಗಳನ್ನು ಕಂಡರೆ ಅಂಜಿಕೆ ಹುಟ್ಟಬಾರದು. ಮೊಸರು ಹೆಪ್ಪುಗಟ್ಟುವುದು, ದೋಸೆಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಾಗಳಿಂದಲೇ. ಬಾಟಲಿಯ ಲೋಳೆಯಲ್ಲಿರುವ ಬಹುಪಾಲು ಜೀವಿಗಳೂ ಗಟ್ಟಿಮುಟ್ಟಾದ ದೇಹಕ್ಕೆ ಏನೂ ಮಾಡುವುದಿಲ್ಲ. ನನ್ನ ಕಾಳಜಿ ಇರುವುದು ದೇಹ ಇನ್ನೂ ಬಲಿಯದವರ ಮತ್ತು ಬಲ ಕುಂದಿದವರ ಬಗ್ಗೆ.

ಹಸುಗೂಸಿನ ತಾಯಂದಿರೇ, ಮೊದಲ ಆರು ತಿಂಗಳು ನಿಮ್ಮ ಹಾಲೇ ಸಾಕು, ಅದಕ್ಕೆ ಪಾತ್ರೆಯ ಗೊಡವೆಯೇ ಇಲ್ಲ. ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶ 1992ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ಅದರ ಹಿಂದೆ ಮಕ್ಕಳ ಭೇದಿಯ ದೊಡ್ಡ ದುಃಖವಿದೆ. ಹೊರಗಿನ ಹಾಲು ಕೊಡಲೇಬೇಕಾದ ಸಂದರ್ಭ ಬಂದರೆ ಒಳಲೆ ಅಥವಾ ಸಣ್ಣ ಸ್ಟೀಲ್ ಬಟ್ಟಲು ಚಮಚ ಬಳಸಿ. ಒಳಲೆಯಲ್ಲಿ ಬೆರಳು ತಲುಪದ ಜಾಗವೇ ಇಲ್ಲ. ಬಾಟಲಿಯಲ್ಲಾದರೆ ನಿಪ್ಪಲಿನ ತುದಿ, ಅದು ಕೂರುವ ಉಂಗುರ, ತಿರುಪಿನ ಗೆರೆಗಳಲ್ಲೆಲ್ಲ ಹಾಲಿನ ಜಿಡ್ಡು ನಿಲ್ಲುತ್ತದೆ. ಬಾಟಲಿಯೇ ಗತಿ ಎಂದಾದರೆ ಎಲ್ಲ ಭಾಗ ಬಿಡಿಸಿ, ಸೋಪು ಹಾಕಿ ಉಜ್ಜಿ, ಆಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹತ್ತು ನಿಮಿಷ ಕುದಿಸಿ. ಉಜ್ಜದೆ ಕುದಿಸಿದರೆ ಜಿಡ್ಡು ಬೆಂದು ಗಟ್ಟಿಯಾಗುತ್ತದೆ. ಹಾಲಿನ ಪುಡಿಯಲ್ಲೂ ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅಪರೂಪಕ್ಕೆ ಇರಬಹುದು. ಅದಕ್ಕೇ 70 ಡಿಗ್ರಿಗಿಂತ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಆರಿಸಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯೊಳಗೆ ಚೆಲ್ಲಿಬಿಡಿ, ಮುಂದಿನ ಸಲಕ್ಕೆ ಎತ್ತಿಡಬೇಡಿ. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹುಡುಗ ಹುಡುಗಿಯರಿಗೂ ಇದೇ ಮಾತು. ಡಬ್ಬಿಯಲ್ಲಿನ ಹಳೆಯ ದ್ರಾವಣಕ್ಕೆ ಹೊಸದನ್ನು ಸೇರಿಸಬೇಡಿ, ಲೆನ್ಸನ್ನು ಬೆರಳಲ್ಲಿ ಉಜ್ಜಿ, ಡಬ್ಬಿಯನ್ನು ದಿನವೂ ಬೋರಲು ಹಾಕಿ ಒಣಗಿಸಿ, ನಲ್ಲಿಯ ನೀರು ತಾಗಿಸಬೇಡಿ.

ಕೊನೆಯದಾಗಿ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುವವರಿಗೆ. ಮೂತ್ರಕ್ಕೆ ಕ್ಯಾಥೆಟರ್ ಹಾಕಿದ್ದರೆ, ಅದರ ಒಳಗನ್ನು ನೀವು ಉಜ್ಜಲಾರಿರಿ, ಒಣಗಿಸಲಾರಿರಿ. ನಾನು ಇಷ್ಟು ಹೊತ್ತು ಹೇಳಿದ ಎರಡೂ ಉಪಾಯಗಳು ಅಲ್ಲಿ ಸೋಲುತ್ತವೆ. ನಳಿಕೆ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಂಭವ ಶೇ 3ರಿಂದ 7ರಷ್ಟು ಹೆಚ್ಚುತ್ತ ಹೋಗುತ್ತದೆ, ತಿಂಗಳು ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಕಾಣಿಸುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಮೂತ್ರದ ಯೂರಿಯಾವನ್ನು ಒಡೆದು ಅದನ್ನು ಕ್ಷಾರವಾಗಿಸುತ್ತದೆ, ಲವಣಗಳು ಹರಳುಗಟ್ಟಿ ನಳಿಕೆಯೇ ಕಟ್ಟಿಹೋಗುತ್ತದೆ. ಇಂಥ ಲೋಳೆಗೆ ಆಂಟಿಬಯಾಟಿಕ್ ಮಾತ್ರೆಯೊಂದೇ ಉತ್ತರವಲ್ಲವೆಂದು ವೈದ್ಯರಿಗೆ ಹಿಂದೆಯೇ ಗೊತ್ತಾಗಿದೆ. ಹೃದಯದ ಪೇಸ್‌ಮೇಕರ್ ತಂತಿಯ ಮೇಲೆ ದಪ್ಪಗೆ ಕಟ್ಟಿದ ಸ್ಟೆಫಿಲೊಕಾಕಸ್ ಪದರವನ್ನು ಕೆನಡಾದ ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದು 1982ರಲ್ಲಿ. ನಿಮ್ಮ ಕೈಯಲ್ಲಿರುವುದನ್ನು ನೀವು ಮಾಡಿ. ನಳಿಕೆಯನ್ನು ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ, ಚೀಲವನ್ನು ಸದಾ ಮೂತ್ರಕೋಶಕ್ಕಿಂತ ಕೆಳಗೆ ತೂಗುಹಾಕಿ, ನೆಲಕ್ಕೆ ತಾಗಲು ಬಿಡಬೇಡಿ, ನಳಿಕೆ ಮತ್ತು ಚೀಲದ ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ. ಜ್ವರ, ಚಳಿ, ಗೊಂದಲದ ಮಾತು, ಮೂತ್ರ ಇಳಿಯದಿರುವುದು ಕಂಡರೆ ಕಾಯದೆ ಕರೆದೊಯ್ಯಿರಿ. ವೈದ್ಯರನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ಇವರಿಗೆ ಈ ನಳಿಕೆ ಇನ್ನೂ ಬೇಕೇ?" ಬೇಡವೆಂದ ದಿನವೇ ತೆಗೆಸಿಬಿಡಿ. ಕೇಳಲು ಸಂಕೋಚಪಡಬೇಡಿ ಮಕ್ಕಳೇ, ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಬೇಸರಿಸುವುದಿಲ್ಲ.